ಗಡಿ ಜಗಳದಲ್ಲಿ ಕಾಣದ ಅಕ್ಕಲಕೋಟ ರಸ್ತೆಯ ಜನ

ಸೋಲಾಪುರ ಅಂದ ಕೂಡಲೇ ನಮ್ಮ ಕರಾವಳಿಯ ಮನೆಗಳಲ್ಲಿ ನೆನಪಾಗುವುದು ಚಾದರ. ಆ ಚಾದರಕ್ಕೂ ಅಲ್ಲಿನ ಟವೆಲ್‌ಗೂ ಜಿಐ ಮಾನ್ಯತೆ ಇದೆ. ಆದರೆ ಅದನ್ನು ನೇಯುವವರು ಹೇಗೆ ಬದುಕುತ್ತಾರೆ ಅಂತ ಕೇಳಿದವರು ಕಡಿಮೆ. 2025ರ ಮೇ 18ರ ನಸುಕಿನಲ್ಲಿ ಅಕ್ಕಲಕೋಟ ರಸ್ತೆ ಎಂಐಡಿಸಿಯ ಟವೆಲ್ ಕಾರ್ಖಾನೆಯೊಂದಕ್ಕೆ ಬೆಂಕಿ ಬಿದ್ದು ಎಂಟು ಮಂದಿ ಮೃತಪಟ್ಟರು. ಮಾಲೀಕರು, ಅವರ ಮನೆಯವರು, ಪುಟ್ಟ ಮಗು, ಕಾರ್ಮಿಕರು ಎಲ್ಲರೂ ಇದ್ದದ್ದು ಕಾರ್ಖಾನೆಯಲ್ಲೇ. ಎರಡು ದಿನ ಸುದ್ದಿಯಾಯಿತು. ಆಮೇಲೆ ಮರೆತೆವು.

ಈ ಊರುಗಳು ಮತ್ತೆ ಸುದ್ದಿಯಾಗುವುದು ಗಡಿ ವಿವಾದ ಎದ್ದಾಗ ಮಾತ್ರ. 1967ರಲ್ಲಿ ಮಹಾಜನ ಆಯೋಗ ಇಡೀ ಅಕ್ಕಲಕೋಟ ತಾಲೂಕು ಕರ್ನಾಟಕಕ್ಕೆ ಸೇರಬೇಕೆಂದು ಹೇಳಿತ್ತು. ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡೂ ಅದೇ ವರದಿಯಲ್ಲಿತ್ತು. ಎರಡೂ ಬರಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ನವೆಂಬರ್‌ನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಸೋಲಾಪುರ, ಅಕ್ಕಲಕೋಟದ ಕನ್ನಡ ಪ್ರದೇಶಗಳು ನಮಗೆ ಸೇರಬೇಕು ಎಂದಾಗ ಎರಡೂ ಕಡೆ ಬಸ್ಸುಗಳಿಗೆ ಮಸಿ ಬಿತ್ತು.

ಇದು ಮಳೆ ಕಡಿಮೆಯಾದ, ಜೋಳ ಬೆಳೆಯುವ ಕಪ್ಪು ಮಣ್ಣಿನ ಸೀಮೆ. ಭೀಮಾ, ಸೀನಾ ನದಿಗಳಿದ್ದರೂ ಬರ ತಪ್ಪಿದ್ದಲ್ಲ. ಅಕ್ಕಲಕೋಟ ದಾಟಿದರೆ ಕಲಬುರಗಿಯ ಅಫಜಲಪುರ, ಆಳಂದ. ಕನ್ನಡದಲ್ಲಿ ವಚನ ಬರೆದ 12ನೇ ಶತಮಾನದ ಸಿದ್ಧರಾಮನ ಸೊನ್ನಲಿಗೆಯೇ ಇಂದಿನ ಸೋಲಾಪುರ. ವಿಜಯಪುರದ ಆದಿಲ್‌ಶಾಹಿಗಳೂ ಅಹಮದ್‌ನಗರದ ನಿಜಾಮ್‌ಶಾಹಿಗಳೂ ಈ ಕೋಟೆಗಾಗಿ ಕಾದಾಡಿದರು. ಕೊನೆಗೆ ಚಾಂದ್ ಬೀಬಿಯ ಮದುವೆಯಲ್ಲಿ ಕೋಟೆ ಉಡುಗೊರೆಯಾಗಿ ವಿಜಯಪುರಕ್ಕೆ ಬಂತು.

1877ರಲ್ಲಿ ಬಟ್ಟೆ ಗಿರಣಿ ಶುರುವಾಯಿತು. ತೆಲಂಗಾಣದಿಂದ ಪದ್ಮಶಾಲಿ ನೇಕಾರರು ಬಂದರು. ಮರಾಠಿ, ಕನ್ನಡ, ಉರ್ದು, ತೆಲುಗು ಒಂದೇ ಓಣಿಯಲ್ಲಿ ಕೇಳತೊಡಗಿದವು. 1930ರ ಏಪ್ರಿಲ್ 23ರಂದು ದೂರದ ಪೇಶಾವರದಲ್ಲಿ ಪಠಾಣರ ಖುದಾಯಿ ಖಿದ್ಮತ್‌ಗಾರರ ಮೇಲೆ ಬ್ರಿಟಿಷರು ಗುಂಡು ಹಾರಿಸಿದರು. ಎರಡೇ ವಾರದಲ್ಲಿ ಸೋಲಾಪುರದ ಗಿರಣಿ ಕಾರ್ಮಿಕರೂ ಬೀದಿಗಿಳಿದರು. ಊರಿನಲ್ಲಿ ಕೆಲವು ದಿನ ಬ್ರಿಟಿಷ್ ಆಡಳಿತವೇ ಇರಲಿಲ್ಲ, ನಂತರ ಮಾರ್ಷಲ್ ಲಾ ಬಂತು. 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಶನ್ ಸಾರಡಾ ನಾಲ್ವರನ್ನೂ ಗಲ್ಲಿಗೇರಿಸಿದರು. ಈ ನಾಲ್ಕು ಹೆಸರು ಓದಿದರೆ ಸಾಕು, ಆ ಊರು ಎಂಥದ್ದು ಅಂತ ಗೊತ್ತಾಗುತ್ತದೆ.

ಗಿರಣಿಗಳು ಮುಚ್ಚಿದವು, ಪವರ್‌ಲೂಮ್ ಬಂತು. ಹತ್ತಿ, ನೂಲು, ವಿದ್ಯುತ್ ಇರುವ ಕಡೆ ಒಂದು ಕಿಡಿ ಸಾಕು. ಬೆಂಕಿ ಬಿದ್ದಾಗ ಹೊರಬರಲು ದಾರಿ ಇರಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಆದರೆ ಯಂತ್ರದ ಪಕ್ಕದಲ್ಲೇ ಜನ ಮಲಗುತ್ತಾರೆ ಅಂದರೆ ಅದು ಬರೀ ಬಾಗಿಲಿನ ಪ್ರಶ್ನೆಯಲ್ಲ, ವಸತಿಯ ಪ್ರಶ್ನೆ. ಅದೇ ಅಕ್ಕಲಕೋಟ ರಸ್ತೆಯ ಕುಂಭಾರಿಯಲ್ಲಿ ಇದಕ್ಕೊಂದು ಉತ್ತರವೂ ಇದೆ. ಕಾರ್ಮಿಕ ನಾಯಕ ನರಸಯ್ಯ ಆಡಂ ಅವರ ದೀರ್ಘ ಹೋರಾಟದಿಂದ ಬೀಡಿ, ಪವರ್‌ಲೂಮ್ ಕಾರ್ಮಿಕರಿಗಾಗಿ 30,000 ಮನೆಗಳ ರೇ ನಗರ ಎದ್ದಿತು. 2024ರ ಜನವರಿ 19ರಂದು 15,000 ಮನೆ ಹಸ್ತಾಂತರವಾಯಿತು.

ನೆಲ ಯಾರದ್ದು ಅಂತ ಎರಡು ಸರಕಾರಗಳು ದಶಕಗಳಿಂದ ಕೇಳುತ್ತಿವೆ. ಆ ನೆಲದಲ್ಲಿ ದುಡಿಯುವವರು ರಾತ್ರಿ ಎಲ್ಲಿ ಮಲಗುತ್ತಾರೆ ಅಂತ ಯಾವುದೂ ಕೇಳುವುದಿಲ್ಲ. ಈ ಪ್ರಶ್ನೆ ನಮಗೂ ಹೊರಗಿನದ್ದಲ್ಲ. 2024ರ ಜೂನ್‌ನಲ್ಲಿ ಕುವೈತ್‌ನ ಮಂಗಾಫ್‌ನಲ್ಲಿ ಕಾರ್ಮಿಕರು ಮಲಗಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು ನಲವತ್ತಕ್ಕೂ ಹೆಚ್ಚು ಭಾರತೀಯರು ಸತ್ತರು. ಬೆಂಗಳೂರಿನ ಅಂಗಡಿಯ ಅಟ್ಟದಲ್ಲಿ, ಗಲ್ಫಿನ ರೂಮಿನಲ್ಲಿ ಮಲಗುವ ಹುಡುಗರು ನಮ್ಮ ಮನೆಗಳಲ್ಲೂ ಇದ್ದಾರೆ. ಇವತ್ತು ರಾತ್ರಿ ಅವರಿಗೆ ಫೋನ್ ಮಾಡಿದಾಗ ಒಂದು ಮಾತು ಕೇಳಿ: ಅಲ್ಲಿಂದ ಹೊರಬರಲು ಇನ್ನೊಂದು ದಾರಿ ಇದೆಯಾ?