ಬ್ಯಾನ್ ಮಾಡಿ, ಆದರೆ ಪುರಾವೆ ತೋರಿಸಿ

ಸ್ಕ್ವಾಡ್ ಕಟ್ಟಿಕೊಂಡು ಆಡುವ ಗೆಳೆಯ ಗೆಳತಿಯರೇ, ಕಾಲೇಜು ಫೆಸ್ಟ್‌ಗಳಲ್ಲಿ, ಗೇಮಿಂಗ್ ಕೆಫೆಗಳಲ್ಲಿ ಟೂರ್ನಿ ನಡೆಸುವ ಸಂಘಟಕರೇ,

ಮೋಸಗಾರರನ್ನು ಬಿಟ್ಟುಬಿಡಿ ಎಂದು ಕೇಳಲು ನಾವು ಬೀದಿಗೆ ಬಂದಿಲ್ಲ. ವಾಲ್‌ಹ್ಯಾಕ್ ಹಾಕಿ ಗೋಡೆಯಾಚೆ ನೋಡುವವನು, ಏಮ್‌ಬಾಟ್‌ನಿಂದ ಗುರಿ ಹಿಡಿಸುವವನು, ರಾತ್ರಿಗಟ್ಟಲೆ ಸ್ಕ್ರಿಮ್ಸ್ ಆಡಿ ಬಂದವರ ಶ್ರಮವನ್ನು ಕದಿಯುತ್ತಾನೆ. ಅವನು ಲಾಬಿಯಿಂದ ಹೊರಗೆ ಹೋಗಲೇಬೇಕು. ತಪ್ಪಿಗೆ ತಕ್ಕಷ್ಟೇ ಶಿಕ್ಷೆ ಕೊಡಿ, ತಪ್ಪು ಮಾಡಿದವನಿಗೇ ಕೊಡಿ, ಪುರಾವೆಯನ್ನು ಮುಂದಿಟ್ಟು ಕೊಡಿ ಎನ್ನುವುದು ನಮ್ಮ ಬೇಡಿಕೆ.

2018ರ ಅಕ್ಟೋಬರ್‌ನಲ್ಲಿ ಶಾಂಘೈನಲ್ಲಿ ಏನಾಯಿತು ಎಂಬುದು ಕೌಂಟರ್ ಸ್ಟ್ರೈಕ್ ಆಡುವವರಿಗೆಲ್ಲ ಗೊತ್ತು. ಆಪ್ಟಿಕ್ ಇಂಡಿಯಾ ತಂಡ ವಿಯೆಟ್ನಾಂ ತಂಡದೆದುರು ಆಡುತ್ತಿದ್ದಾಗ, 'ಫರ್ಸೇಕನ್' ಹೆಸರಿನಲ್ಲಿ ಆಡುತ್ತಿದ್ದವನ ಕಂಪ್ಯೂಟರನ್ನು ಅಡ್ಮಿನ್‌ಗಳು ತಪಾಸಣೆ ಮಾಡಿದರು. 'ವರ್ಡ್' ಎಂಬ ಫೈಲ್ ಹೆಸರಿನಲ್ಲಿ ಬಚ್ಚಿಟ್ಟ ಚೀಟ್ ಸಿಕ್ಕಿಬಿತ್ತು. ತಂಡ ಟೂರ್ನಿಯಿಂದ ಹೊರಬಿತ್ತು, ಆತನಿಗೆ 5 ವರ್ಷದ ನಿಷೇಧ ಬಂತು. ಎರಡೂ ಸರಿ. ಮೋಸದಿಂದ ಗೆದ್ದ ಸುತ್ತುಗಳ ಲಾಭ ತಂಡದಲ್ಲಿ ಯಾರಿಗೂ ಉಳಿಯಬಾರದು. ಆದರೆ ಮಾಲೀಕ ಸಂಸ್ಥೆ ಇಡೀ ತಂಡವನ್ನೇ ವಿಸರ್ಜಿಸಿ ಭಾರತದಿಂದ ಕಾಲ್ತೆಗೆಯಿತು. ಉಳಿದ ನಾಲ್ವರ ಮೇಲೆ ಒಂದು ಆರೋಪವೂ ಇರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಕೂತಿದ್ದ ತಪ್ಪಿಗೆ ಅವರ ಅನ್ನಕ್ಕೆ ಕಲ್ಲು ಬಿತ್ತು. ಇದನ್ನು ನ್ಯಾಯ ಎಂದು ನಾವು ಒಪ್ಪುವುದಿಲ್ಲ.

ಎರಡು ವರ್ಷದ ನಂತರ ಅದೇ ಆಟದಲ್ಲಿ, ಕೋಚ್‌ಗಳು ನಕ್ಷೆಯ ಒಂದು ಜಾಗವನ್ನು ಕದ್ದು ನೋಡಲು ದಾರಿ ಮಾಡಿಕೊಟ್ಟ ಬಗ್ ಒಂದು ಬಯಲಾಯಿತು. ಇ-ಸ್ಪೋರ್ಟ್ಸ್ ಸಮಗ್ರತೆಯ ಆಯೋಗ ಹಳೆಯ ಪಂದ್ಯಗಳ ಡೆಮೊಗಳನ್ನು ಜಾಲಾಡಿ 37 ಕೋಚ್‌ಗಳನ್ನು ದಂಡಿಸಿತು. ಎಲ್ಲರನ್ನೂ ಒಂದೇ ಕೋಲಿನಲ್ಲಿ ಹೊಡೆಯಲಿಲ್ಲ. ಎಷ್ಟು ಹೊತ್ತು ಬಳಸಿದರು, ತಾವಾಗಿಯೇ ಬಂದು ಒಪ್ಪಿಕೊಂಡರೇ ಎಂದು ನೋಡಿ, ಕೆಲವರಿಗೆ ನಾಲ್ಕು ತಿಂಗಳೊಳಗಿನ, ಇನ್ನು ಕೆಲವರಿಗೆ 36 ತಿಂಗಳವರೆಗಿನ ನಿಷೇಧ ಹಾಕಿತು. ಲೆಕ್ಕವನ್ನು ಬಹಿರಂಗವಾಗಿ ಹೇಳಿತು. ಆ ಲೆಕ್ಕವನ್ನು ಒಪ್ಪದವರೂ ಇದ್ದಾರೆ, ಇರಲಿ. ಒಪ್ಪದಿರಲು ಕೂಡ ಲೆಕ್ಕ ಕಣ್ಣಿಗೆ ಕಾಣಬೇಕಲ್ಲ!

ನಮ್ಮ ಊರುಗಳ ಟೂರ್ನಿಗಳಲ್ಲಿ ಏನು ನಡೆಯುತ್ತಿದೆ? ನೆಟ್‌ವರ್ಕ್ ಕೈಕೊಟ್ಟು ಲಾಬಿಗೆ ತಡವಾಗಿ ಬಂದ ಸ್ಕ್ವಾಡ್‌ಗೂ ಹ್ಯಾಕ್ ಹಾಕಿದವನಿಗೂ ಒಂದೇ ಶಿಕ್ಷೆ: ಕಿಕ್. ನಾಲ್ಕು ಒಳ್ಳೆಯ ಹೆಡ್‌ಶಾಟ್ ಬಿದ್ದರೆ ಲೈವ್ ಚಾಟ್‌ನಲ್ಲಿ 'ಹ್ಯಾಕರ್, ಹ್ಯಾಕರ್' ಎಂಬ ಗದ್ದಲ, ಆ ಗದ್ದಲಕ್ಕೇ ಹೆದರಿ ಬ್ಯಾನ್. ಕೇಳಿದರೆ 'ಅಡ್ಮಿನ್ ತೀರ್ಮಾನವೇ ಅಂತಿಮ'. ಅದೇ ಅಡ್ಮಿನ್‌ನ ಗೆಳೆಯರ ತಂಡ ಪಕ್ಕದ ಸ್ಲಾಟ್‌ನಲ್ಲಿ ಆಡುತ್ತಿರುತ್ತದೆ. ಇನ್ನು ಹುಡುಗಿಯೊಬ್ಬಳು ಮೈಕ್ ಆನ್ ಮಾಡಿದ ಕೂಡಲೇ ಬರುವ ಹೊಲಸು ಬೈಗುಳಕ್ಕೆ ಶಿಕ್ಷೆಯೇ ಇಲ್ಲ. 'ಮ್ಯೂಟ್ ಮಾಡ್ಕೊಳಮ್ಮಾ' ಎಂದು ಅವಳಿಗೇ ಬುದ್ಧಿ ಹೇಳುತ್ತಾರೆ. ಯಾವ ತಪ್ಪು ದೊಡ್ಡದು, ಯಾವುದು ಸಣ್ಣದು ಎಂದು ಯಾರೂ ಕೂತು ಯೋಚಿಸಿದಂತಿಲ್ಲ. ಕಬಡ್ಡಿಯಲ್ಲಿ ಹಸಿರು ಕಾರ್ಡ್ ಬಂದರೆ ಎಚ್ಚರಿಕೆ, ಹಳದಿ ಬಂದರೆ ಎರಡು ನಿಮಿಷ ಅಂಕಣದಿಂದ ಹೊರಗೆ, ಕೆಂಪು ಬಂದರೆ ಆ ಪಂದ್ಯ ಮುಗಿದಂತೆ. ಇಷ್ಟು ಸರಳ ಮೆಟ್ಟಿಲುಗಳನ್ನು ನಮ್ಮ ಟೂರ್ನಿಗಳೂ ಇಟ್ಟುಕೊಳ್ಳಬಹುದು.

ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ, 2023ರಲ್ಲಿ, ಇ-ಸ್ಪೋರ್ಟ್ಸ್‌ಗೆ ಪದಕ ಕೊಟ್ಟರು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಪಣಕ್ಕಿಟ್ಟು ಆಡುವುದನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ ಅನ್ನು ಕ್ರೀಡೆ ಎಂದು ಮಾನ್ಯ ಮಾಡಿದೆ. ಕ್ರೀಡೆ ಎಂಬ ಗೌರವ ಬೇಕೆನ್ನುವ ಸಂಘಟಕರು ಆಟಗಾರನ ಅಹವಾಲು ಕೇಳುವ ಹೊಣೆಯನ್ನೂ ಹೊರಬೇಕು.

ಹಾಗಾಗಿ, ಗೆಳೆಯರೇ, ಮುಂದಿನ ಟೂರ್ನಿಗೆ ಹೆಸರು ಕೊಡುವ ಮೇಜಿನ ಮುಂದೆಯೇ ನಿಂತು ಕೇಳಿ. ನಿಯಮ ಪುಸ್ತಕ ಎಲ್ಲಿದೆ, ಕನ್ನಡದಲ್ಲಿ ಇದೆಯೇ? ಟೀಮಿಂಗ್‌ಗೆ ಎಷ್ಟು ಶಿಕ್ಷೆ, ಬೈಗುಳಕ್ಕೆ ಎಷ್ಟು, ಹ್ಯಾಕ್‌ಗೆ ಎಷ್ಟು? ಬ್ಯಾನ್ ಮಾಡುವ ಮುನ್ನ ನಮ್ಮ ಮಾತು ಕೇಳುತ್ತೀರಾ, ಮೇಲ್ಮನವಿಯನ್ನು ಆ ತೀರ್ಪು ಕೊಟ್ಟವರಲ್ಲದ ಬೇರೆಯವರು ನೋಡುತ್ತಾರಾ? ಉತ್ತರ ಬರಹದಲ್ಲಿ ಪಡೆಯಿರಿ. ಆಡುವಾಗ ಸ್ಕ್ರೀನ್ ರೆಕಾರ್ಡಿಂಗ್ ಆನ್ ಇರಲಿ. ಯಾರ ಮೇಲಾದರೂ ಅನುಮಾನ ಬಂದರೆ ಚಾಟ್‌ನಲ್ಲಿ ಕೂಗಬೇಡಿ, ಸಮಯ ಬರೆದು ಕ್ಲಿಪ್ ಸಮೇತ ದೂರು ಕೊಡಿ.

ಕೇಳಿದರೆ ಏನಾಗುತ್ತದೆ ಎನ್ನುವವರಿಗೆ: 2019ರ ಅಕ್ಟೋಬರ್‌ನಲ್ಲಿ ಹಾಂಗ್‌ಕಾಂಗ್‌ನ ಹಾರ್ತ್‌ಸ್ಟೋನ್ ಆಟಗಾರನೊಬ್ಬ ಪಂದ್ಯದ ನಂತರದ ಸಂದರ್ಶನದಲ್ಲಿ ತನ್ನ ಊರಿನ ಹೋರಾಟದ ಘೋಷಣೆ ಕೂಗಿದ. ಬ್ಲಿಝಾರ್ಡ್ ಕಂಪನಿ ಒಂದು ವರ್ಷ ನಿಷೇಧಿಸಿ ಬಹುಮಾನದ ಹಣವನ್ನೂ ಕಿತ್ತುಕೊಂಡಿತು. ಜಗತ್ತಿನ ಆಟಗಾರರು ತಿರುಗಿಬಿದ್ದರು. ಕೆಲವೇ ದಿನಗಳಲ್ಲಿ ನಿಷೇಧ ಆರು ತಿಂಗಳಿಗೆ ಇಳಿಯಿತು, ಹಣ ವಾಪಸ್ ಬಂತು.

ನಿಯಮ ತೋರಿಸದ ಟೂರ್ನಿಗೆ ಹೆಸರು ಕೊಡಬೇಡಿ. ಪರಿಚಯದ ಇನ್ನೊಂದು ಸ್ಕ್ವಾಡ್‌ಗೂ ಹೇಳಿ, ಈ ಕರಪತ್ರದ ಫೋಟೊ ತೆಗೆದು ನಿಮ್ಮ ಗ್ರೂಪ್‌ಗಳಿಗೆ ಕಳಿಸಿ. ಸ್ಲಾಟ್‌ಗಳು ಖಾಲಿ ಉಳಿದ ದಿನ ಸಂಘಟಕರೇ ಮಾತಿಗೆ ಬರುತ್ತಾರೆ.