ವಿಶ್ವವಿದ್ಯಾಲಯದ ಪಕ್ಕದ ಮನೆಯವರು

ನ್ಯೂಯಾರ್ಕಿನಲ್ಲಿ ಓದುತ್ತಿರುವ ಅಣ್ಣನ ಮಗ ಈ ವಾರ ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಒಂದು ವಿಡಿಯೊ ಹಾಕಿದ್ದ. ಕೊಲಂಬಿಯಾ ವಿಶ್ವವಿದ್ಯಾಲಯದ ಹೊಸ ಮ್ಯಾನ್‌ಹಟನ್‌ವಿಲ್ ಕ್ಯಾಂಪಸ್. ಗಾಜಿನ ಗೋಡೆಗಳು, ಅಗಲವಾದ ಫುಟ್‌ಪಾತು, ನೆಟ್ಟು ಬೆಳೆಸಿದ ಮರಗಳು. ಕೆಳಗೆ ಅವನ ಒಕ್ಕಣೆ: ‘ಮೊದಲು ಇಲ್ಲಿ ಗ್ಯಾರೇಜು, ಗೋಡೌನು ಬಿಟ್ಟರೆ ಏನೂ ಇರಲಿಲ್ಲವಂತೆ.’ ಪಿಡಬ್ಲ್ಯುಡಿಯಲ್ಲಿ ಎಂಜಿನಿಯರಾಗಿ ನಿವೃತ್ತರಾದ ನಮ್ಮ ಭಾವ ಕೂಡಲೇ ಉತ್ತರಿಸಿದರು: ‘ನಗರ ಮತ್ತು ವಿಶ್ವವಿದ್ಯಾಲಯ ಕೈಜೋಡಿಸಿದರೆ ಹೀಗೆ. ನಮ್ಮ ಪಾಲಿಕೆಯವರಿಗೆ ತೋರಿಸಬೇಕು.’

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೆ ಯಾರೋ ಹೇಳಿದ್ದನ್ನು ಅವನು ಬರೆದ. ಭಾವನವರ ಮಾತಿಗೆ ಮಾತ್ರ ಸುಮ್ಮನಿರಲಾರೆ. ನಮ್ಮ ಪಾಲಿಕೆಗಳು ಕೊಲಂಬಿಯಾದಿಂದ ಕಲಿಯಲೇಬೇಕು ಎಂದಾದರೆ ಇಡೀ ಕಥೆಯನ್ನೇ ಕಲಿಯಲಿ.

ಬ್ರಾಡ್‌ವೇ ರಸ್ತೆಗೂ ಹಡ್ಸನ್ ನದಿಗೂ ನಡುವೆ, 125ನೇ ಬೀದಿಯಿಂದ 133ನೇ ಬೀದಿಯವರೆಗಿನ 17 ಎಕರೆ ಅದು. ಪಶ್ಚಿಮ ಹಾರ್ಲೆಮ್‌ನ ಅಂಚು. ಉಕ್ಕಿನ ಕಮಾನಿನ ಮೇಲೆ ಮೆಟ್ರೊ ಗುಡುಗಿಕೊಂಡು ಹೋಗುತ್ತದೆ. ಅದರ ಆಸುಪಾಸಿನಲ್ಲಿ ಕಾರು ರಿಪೇರಿಯವರು, ಮಾಂಸದ ಸಗಟು ವ್ಯಾಪಾರಿಗಳು, ಹೋಟೆಲಿನವರು, ಜನರ ಮನೆ ಸಾಮಾನು ಇಟ್ಟುಕೊಳ್ಳುವ ಗೋದಾಮಿನವರು ಇದ್ದರು. ಬಾಡಿಗೆ ಮನೆಗಳೂ ಇದ್ದವು. ಭಾರತದಿಂದ ಹೋದ ಸಿಖ್ ಕುಟುಂಬವೊಂದು ಅಲ್ಲಿ ಪೆಟ್ರೋಲ್ ಬಂಕ್ ನಡೆಸುತ್ತಿತ್ತು. ಕೊಲಂಬಿಯಾ 2003ರಲ್ಲಿ ತನ್ನ ವಿಸ್ತರಣೆಯ ಯೋಜನೆ ಪ್ರಕಟಿಸಿ ಜಾಗ ಕೊಳ್ಳುತ್ತಾ ಬಂತು. ಬಹಳ ಮಂದಿ ಮಾರಿದರು. ಮಾರುವುದಿಲ್ಲ ಎಂದವರು ಬೆರಳೆಣಿಕೆಯಷ್ಟು ಜನ, ಅವರಲ್ಲಿ ಈ ಬಂಕಿನವರು ಮತ್ತು ಗೋದಾಮಿನ ಮಾಲೀಕರು.

ಅಲ್ಲಿಯ ಸಮುದಾಯ ಮಂಡಳಿ ವರ್ಷಗಟ್ಟಲೆ ಸಭೆ ನಡೆಸಿ ಬಡಾವಣೆಗೆ ತನ್ನದೇ ಒಂದು ಯೋಜನೆ ಬರೆದಿತ್ತು. ವಿಶ್ವವಿದ್ಯಾಲಯ ಬೆಳೆಯುವುದೇ ಬೇಡ ಎಂದು ಅದು ಹೇಳಿರಲಿಲ್ಲ, ಬಲವಂತದಿಂದ ಯಾರ ಜಾಗವನ್ನೂ ಕಿತ್ತುಕೊಳ್ಳಬೇಡಿ ಎಂದಿತ್ತು. 2007ರ ಆಗಸ್ಟಿನಲ್ಲಿ ಕೊಲಂಬಿಯಾದ ಪ್ರಸ್ತಾವ ಮಂಡಳಿಯ ಮುಂದೆ ಬಂದಾಗ 32 ಮಂದಿ ವಿರುದ್ಧ, ಇಬ್ಬರು ಪರ. ಆ ಮತಕ್ಕೆ ಸಲಹೆಯ ಬೆಲೆ ಮಾತ್ರ. ಅದೇ ಡಿಸೆಂಬರಿನಲ್ಲಿ ನಗರ ಸಭೆ ಭೂಬಳಕೆ ಬದಲಾವಣೆಗೆ ಒಪ್ಪಿಗೆ ಕೊಟ್ಟಿತು.

ಅಷ್ಟರಲ್ಲಿ ರಾಜ್ಯದ ಅಭಿವೃದ್ಧಿ ನಿಗಮವೂ ರಂಗಕ್ಕೆ ಬಂದಿತ್ತು. ಮಾರಲು ಒಪ್ಪದವರ ಜಾಗವನ್ನು ಸರ್ಕಾರ ಬಲವಂತವಾಗಿ ಸ್ವಾಧೀನ ಮಾಡಬೇಕಾದರೆ ಆ ಪ್ರದೇಶ ಹಾಳುಬಿದ್ದಿದೆ ಎಂದು ಮೊದಲು ಸಾಬೀತಾಗಬೇಕು. ಅದನ್ನು ಸಮೀಕ್ಷೆ ಮಾಡಲು ನಿಗಮ ಹಿಡಿದ ಸಲಹಾ ಕಂಪನಿ ಯಾವುದು? ಅದೇ ಯೋಜನೆಗಾಗಿ ಕೊಲಂಬಿಯಾ ಮೊದಲೇ ನೇಮಿಸಿಕೊಂಡಿದ್ದ ಕಂಪನಿ. ನಿಗಮದ ಖರ್ಚು ಭರಿಸಲು ಒಪ್ಪಿಕೊಂಡಿದ್ದವರು ಯಾರು? ಕೊಲಂಬಿಯಾ. ಸಮೀಕ್ಷೆ ನಡೆಯುವ ಹೊತ್ತಿಗೆ ಆ ಪ್ರದೇಶದ ಬಹುಪಾಲು ಕಟ್ಟಡಗಳು ಯಾರ ಕೈಯಲ್ಲಿದ್ದವು? ಅದೂ ಕೊಲಂಬಿಯಾ. ಗೋಡೆಯಲ್ಲಿ ನೀರು ಜಿನುಗಿದ್ದು, ಮಳಿಗೆ ಖಾಲಿ ಬಿದ್ದದ್ದು, ಕಿಟಕಿ ಒಡೆದದ್ದು ಎಲ್ಲವೂ ವರದಿಯಲ್ಲಿ ಫೋಟೊ ಸಮೇತ ದಾಖಲಾದವು. ಬಾಡಿಗೆಯವರನ್ನು ಎಬ್ಬಿಸಬೇಕೆಂದಿರುವ ಮನೆ ಮಾಲೀಕ ಸೋರುವ ಸೂರನ್ನು ಮೂರು ಮಳೆಗಾಲ ಹಾಗೇ ಬಿಟ್ಟು, ಕೊನೆಗೆ ‘ಕಟ್ಟಡ ಅಪಾಯದಲ್ಲಿದೆ’ ಎಂದು ತಾನೇ ಪಾಲಿಕೆಗೆ ಅರ್ಜಿ ಕೊಡುವುದು ನಮ್ಮ ಊರುಗಳಲ್ಲೂ ಉಂಟು. ಅಂಥ ಮಾಲೀಕನನ್ನು ನಾವು ವಿದ್ಯಾಸಂಸ್ಥೆ ಎಂದು ಕರೆಯುವುದಿಲ್ಲ.

ಬಂಕಿನವರು ಕೋರ್ಟಿಗೆ ಹೋದರು. ಕಾನೂನು ಪುಸ್ತಕಗಳಲ್ಲಿ ಅದು ‘ಕೌರ್’ ಪ್ರಕರಣವೆಂದೇ ಹೆಸರಾಗಿದೆ. 2009ರ ಡಿಸೆಂಬರಿನಲ್ಲಿ ಮೇಲ್ಮನವಿ ಪೀಠದ ಐವರಲ್ಲಿ ಮೂವರು ನ್ಯಾಯಮೂರ್ತಿಗಳು ಅವರ ಪರ ನಿಂತರು. ಪೀಠದ ಮುಖ್ಯ ತೀರ್ಪು ಸಲಹಾ ಕಂಪನಿಯ ಎರಡು ದೋಣಿಯ ಕಾಲನ್ನೂ ಸಮೀಕ್ಷೆಯ ಟೊಳ್ಳನ್ನೂ ಕಟುವಾಗಿ ಟೀಕಿಸಿತು. ಆರು ತಿಂಗಳು ಕಳೆಯುವಷ್ಟರಲ್ಲಿ, 2010ರ ಜೂನಿನಲ್ಲಿ, ರಾಜ್ಯದ ಅತ್ಯುನ್ನತ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ನಿಗಮ ಬೇರೊಂದು ಕಂಪನಿಯಿಂದ ಎರಡನೇ ವರದಿಯನ್ನೂ ತರಿಸಿದೆ, ವಿಶ್ವವಿದ್ಯಾಲಯ ಕಟ್ಟುವುದು ಸಾರ್ವಜನಿಕ ಉದ್ದೇಶವೇ, ನಿಗಮದ ತೀರ್ಮಾನದಲ್ಲಿ ಕೈಹಾಕುವುದು ನಮ್ಮ ಕೆಲಸವಲ್ಲ ಎಂದಿತು. ಸುಪ್ರೀಂ ಕೋರ್ಟ್ ಅರ್ಜಿಯನ್ನು ವಿಚಾರಣೆಗೇ ಎತ್ತಿಕೊಳ್ಳಲಿಲ್ಲ. ಜನ ವಾಸವಿದ್ದ ಮನೆಗಳ ಮೇಲೆ ಬಲವಂತದ ಸ್ವಾಧೀನ ಪ್ರಯೋಗಿಸುವುದಿಲ್ಲ ಎಂದು ಕೊಲಂಬಿಯಾ ಮಾತು ಕೊಟ್ಟಿತ್ತು, ಅದನ್ನೂ ಹೇಳಬೇಕು. ಅಂಗಡಿಯವರಿಗೆ ಆ ಮಾತು ಇರಲಿಲ್ಲ.

ಹಾರ್ಲೆಮ್ ಜನ ಈ ವಿಶ್ವವಿದ್ಯಾಲಯವನ್ನು ಯಾಕೆ ನಂಬಲಿಲ್ಲ ಎಂದು ಕೇಳುವವರು 1968ಕ್ಕೆ ಹೋಗಬೇಕು. ಮಾರ್ನಿಂಗ್‌ಸೈಡ್ ಪಾರ್ಕ್ ಸಾರ್ವಜನಿಕ ಉದ್ಯಾನ. ಗುಡ್ಡದ ಮೇಲೆ ಕ್ಯಾಂಪಸ್, ತಗ್ಗಿನಲ್ಲಿ ಹಾರ್ಲೆಮ್, ನಡುವಿನ ಇಳಿಜಾರೇ ಪಾರ್ಕು. ಅಲ್ಲಿ ಎರಡು ಎಕರೆಯನ್ನು ನಗರ ಕೊಲಂಬಿಯಾಕ್ಕೆ ಗುತ್ತಿಗೆಗೆ ಕೊಟ್ಟಿತ್ತು, ವ್ಯಾಯಾಮಶಾಲೆ ಕಟ್ಟಲು. ಅದೂ ಪಾಲುದಾರಿಕೆಯೇ. ನಕ್ಷೆಯಲ್ಲಿ ವಿದ್ಯಾರ್ಥಿಗಳಿಗೆ ಮೇಲಿನಿಂದ ಬಾಗಿಲು, ಹಾರ್ಲೆಮ್‌ನ ಕಪ್ಪು ಜನರಿಗೆ ಕೆಳಗಿನಿಂದ ಇನ್ನೊಂದು ಬಾಗಿಲು, ಕಟ್ಟಡದಲ್ಲಿ ಒಂದು ಸಣ್ಣ ಭಾಗ. ಆ ಏಪ್ರಿಲ್‌ನಲ್ಲಿ ವಿದ್ಯಾರ್ಥಿಗಳು ಕ್ಯಾಂಪಸ್ಸಿನ ಕಟ್ಟಡಗಳನ್ನು ಆಕ್ರಮಿಸಿ ಕೂತರು. ವಿಯೆಟ್ನಾಂ ಯುದ್ಧದ ಸಂಶೋಧನೆಯ ಜೊತೆಗೆ ಈ ವ್ಯಾಯಾಮಶಾಲೆಯೂ ಅವರ ಸಿಟ್ಟಿಗೆ ಕಾರಣ. ಪೊಲೀಸರು ಸುಮಾರು 700 ಮಂದಿಯನ್ನು ಬಂಧಿಸಿದರು. ಕಟ್ಟಡದ ಕೆಲಸ ನಿಂತುಹೋಯಿತು. ಅಡಿಪಾಯಕ್ಕೆ ಸಿಡಿಸಿ ತೋಡಿದ್ದ ಗುಂಡಿ ವರ್ಷಗಳ ನಂತರ ಕೊಳವಾಯಿತು. ಈಗ ಅದರಲ್ಲಿ ಬಾತುಕೋಳಿಗಳಿವೆ, ಪಕ್ಕದಲ್ಲಿ ಒಂದು ಜಲಪಾತವಿದೆ.

ಎರಡು ಬಾಗಿಲಿನ ನಕ್ಷೆ ಬರೆದದ್ದು ಅಂಬೇಡ್ಕರ್ ಓದಿದ ವಿಶ್ವವಿದ್ಯಾಲಯ. 1913ರಿಂದ 1916ರವರೆಗೆ ಅವರು ಅಲ್ಲಿದ್ದರು. 1952ರಲ್ಲಿ ಅದೇ ಕೊಲಂಬಿಯಾ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅದಾಗಿ ಹತ್ತು ವರ್ಷ ಕಳೆಯುವ ಮುಂಚೆ ವ್ಯಾಯಾಮಶಾಲೆಯ ಗುತ್ತಿಗೆ ಮಾತುಕತೆ ಮುಗಿದಿತ್ತು. ಇದನ್ನು ಓದಿದಾಗಲೆಲ್ಲ ನನಗೆ ನೋವಾಗುತ್ತದೆ.

ಈ ಅಂಕಣದ ಓದುಗರಿಗೆ ಗೊತ್ತು, ಒಪ್ಪಂದಕ್ಕೆ ಯಾರ ಸಹಿ ಇದೆ ಎಂಬುದನ್ನು ನಾನು ಎಲ್ಲೆಡೆ ಕೇಳುತ್ತೇನೆ. ‘ಪಾಲುದಾರಿಕೆ’ ಎಂದಾಗ ಎರಡು ಸಹಿ ಬೀಳುತ್ತವೆ, ಆ ಬೀದಿಯಲ್ಲಿ ಬದುಕುವವರದ್ದು ಮೂರನೆಯದಾಗಿ ಎಂದೂ ಬೀಳುವುದಿಲ್ಲ. ನಮ್ಮ ಊರಿನ ವಿಶ್ವವಿದ್ಯಾಲಯವೊಂದರ ಗೇಟಿನ ಎದುರು ಒಬ್ಬ ಅಕ್ಕ ಮೆಸ್ ನಡೆಸುತ್ತಿದ್ದರು. ಮುದ್ದೆ, ಬಸ್ಸಾರು, ತಿಂಗಳ ಲೆಕ್ಕ ಬರೆಯುವ ಉದ್ದನೆ ನೋಟುಬುಕ್ಕು. ಸ್ಕಾಲರ್‌ಶಿಪ್ ತಡವಾದ ಹುಡುಗರ ಹೆಸರಿನ ಮುಂದೆ ಅವರು ಮೊತ್ತವನ್ನೇ ಬರೆಯುತ್ತಿರಲಿಲ್ಲ. ರಸ್ತೆ ಅಭಿವೃದ್ಧಿ ಎಂದು ಒಂದು ದಿನ ಯಾರೋ ಬಂದು ಅವರ ತಗಡಿನ ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ನಂಬರು ಬರೆದು ಹೋದರು.

‘ನಂಬರ್ ಹಾಕವ್ರೆ ಅಂದ್ರೆ ಹೊಸ ಅಂಗಡಿ ಕೊಡ್ತಾರೆ ಅಂತ ತಾನೆ ಸಾರ್?’ ಎಂದು ನನ್ನನ್ನು ಕೇಳಿದರು.

ವಿಚಾರಿಸಲು ಅವರ ಜೊತೆ ಕಚೇರಿಗೆ ಹೋದೆ. ಬಟ್ಟೆಯ ಚೀಲದಿಂದ ಅವರು ಕರೆಂಟು ಬಿಲ್ಲು, ನೆಲಬಾಡಿಗೆಯ ರಸೀದಿಗಳ ಕಟ್ಟು, ರೇಷನ್ ಕಾರ್ಡು ಎಲ್ಲ ತೆಗೆದು ಮೇಜಿನ ಮೇಲೆ ಹರಡಿದರು. ಗುಮಾಸ್ತರು ಒಂದನ್ನೂ ಮುಟ್ಟದೆ ಕೇಳಿದರು: ‘ಖಾತೆ ಯಾರ ಹೆಸರಲ್ಲಿದೆಯಮ್ಮ?’ ಆ ನಂಬರು ಕೆಡವಬೇಕಾದವುಗಳ ಸರದಿ.

ಬೆಂಗಳೂರಿನ ಈಜಿಪುರದಲ್ಲೂ ನಡೆದದ್ದು ಇದೇ. 2013ರ ಜನವರಿಯ ಚಳಿಯಲ್ಲಿ, ಪಾಲಿಕೆ ಮತ್ತು ಖಾಸಗಿ ಕಂಪನಿಯ ಪಾಲುದಾರಿಕೆಯ ಹೆಸರಿನಲ್ಲಿ, ಬಡವರ ಕ್ವಾರ್ಟರ್ಸ್ ಜಾಗದಲ್ಲಿದ್ದ ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಹೊರಹಾಕಿ ಸೂರು ಕೆಡವಿದರು. ಆಗ ಫುಟ್‌ಪಾತಿನಲ್ಲಿ ಪಾತ್ರೆ ಜೋಡಿಸಿಟ್ಟುಕೊಂಡು ಕೂತ ಹೆಂಗಸರನ್ನು ನೋಡಿದವರು ಮರೆಯಲಾರರು. ಭಾವನವರೇ, ನಮ್ಮ ಪಾಲಿಕೆಗೆ ಯಾರೂ ಏನನ್ನೂ ತೋರಿಸಿಕೊಡಬೇಕಿಲ್ಲ.

ಈಗ ದುಡ್ಡಿನ ಮಾತು. ಹಾರ್ಲೆಮ್‌ಗೆ ಪರಿಹಾರ ಸಿಕ್ಕಿತಲ್ಲ ಎನ್ನುವವರಿದ್ದಾರೆ. ಹೌದು, 2009ರಲ್ಲಿ ಕೊಲಂಬಿಯಾ ಒಂದು ಸಮುದಾಯ ಒಪ್ಪಂದಕ್ಕೆ ಸಹಿ ಹಾಕಿತು: ಶಾಲೆ, ವಸತಿ, ಸ್ಥಳೀಯ ಕೆಲಸಗಳಿಗೆಂದು 15 ಕೋಟಿ ಡಾಲರ್, ಹಲವು ವರ್ಷಗಳಲ್ಲಿ ಹಂಚಿ. ಅದನ್ನು ನೋಡಿಕೊಳ್ಳಬೇಕಿದ್ದ ಸ್ಥಳೀಯ ಸಂಸ್ಥೆಯ ಲೆಕ್ಕಪತ್ರ ಎಷ್ಟು ಹದಗೆಟ್ಟಿತ್ತೆಂದರೆ ರಾಜ್ಯದ ಅಟಾರ್ನಿ ಜನರಲ್ ತನಿಖೆಗೆ ಇಳಿದರು. ಮುಂದೆ ಬೇರೆ ಸಂಸ್ಥೆಯನ್ನೇ ಕಟ್ಟಬೇಕಾಯಿತು.

ಆ 15 ಕೋಟಿಯ ಪಕ್ಕದಲ್ಲಿ ಇನ್ನೊಂದು ಅಂಕಿ ಇಡುತ್ತೇನೆ. ಖಾಸಗಿ ವಿಶ್ವವಿದ್ಯಾಲಯಗಳಿಗೆ ನ್ಯೂಯಾರ್ಕಿನಲ್ಲಿ ಆಸ್ತಿ ತೆರಿಗೆ ಇಲ್ಲ. ಹೀಗೆ ಕೊಲಂಬಿಯಾ ಉಳಿಸಿಕೊಳ್ಳುವುದು ವರ್ಷಕ್ಕೆ 18 ಕೋಟಿ ಡಾಲರಿಗೂ ಹೆಚ್ಚು ಎಂದು ನ್ಯೂಯಾರ್ಕ್ ಟೈಮ್ಸ್ 2023ರಲ್ಲಿ ಲೆಕ್ಕ ಹಾಕಿತು. ಒಂದೇ ವರ್ಷಕ್ಕೆ. ಬಡಾವಣೆಗೆ ಕಂತು ಕಂತಾಗಿ ಕೊಡುವ ಇಡೀ ಮೊತ್ತಕ್ಕಿಂತ ಮಿಗಿಲು. ಬಂಕು, ಗೋದಾಮು, ಹೋಟೆಲುಗಳಿಗೆ ಇಂಥ ವಿನಾಯಿತಿ ಇರಲಿಲ್ಲ.

ಈ ವಿನಾಯಿತಿ ತೆಗೆದು ಹಣವನ್ನು ನಗರದ ಸಾರ್ವಜನಿಕ ವಿಶ್ವವಿದ್ಯಾಲಯಕ್ಕೆ ಕೊಡಬೇಕೆಂದು 2023ರ ಡಿಸೆಂಬರಿನಲ್ಲಿ ಮಸೂದೆ ತಂದವರಲ್ಲಿ ಒಬ್ಬರು ಆಗ ರಾಜ್ಯದ ಶಾಸಕರಾಗಿದ್ದ, ಮುಂದೆ ನ್ಯೂಯಾರ್ಕಿನ ಮೇಯರ್ ಆಗಿ ಗೆದ್ದ ಜೊಹ್ರಾನ್ ಮಮ್ದಾನಿ. ತಂದೆ ಕೊಲಂಬಿಯಾದಲ್ಲೇ ಪ್ರಾಧ್ಯಾಪಕರು. ಮಗನ ಚುನಾವಣೆಯ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಮೇಯರ್ ಒಬ್ಬರೇ ಅದನ್ನು ಕಾನೂನು ಮಾಡಲಾರರು, ರಾಜ್ಯದ ಸಂವಿಧಾನಕ್ಕೇ ತಿದ್ದುಪಡಿ ಬೇಕು. ಆದರೆ ಕೊಲಂಬಿಯಾ ಅಲ್ಲಿಯವರೆಗೆ ಯಾಕೆ ಕಾಯಬೇಕು? ಯೇಲ್ ವಿಶ್ವವಿದ್ಯಾಲಯ ತನ್ನ ಊರಾದ ನ್ಯೂಹೇವನ್‌ಗೆ ಆರು ವರ್ಷಗಳಲ್ಲಿ 13.5 ಕೋಟಿ ಡಾಲರ್ ಕೊಡಲು 2021ರಲ್ಲಿ ತಾನಾಗಿ ಒಪ್ಪಿಕೊಂಡಿತು. ಚೆಕ್ ಬರೆಯಲು ಯಾವ ತಿದ್ದುಪಡಿಯೂ ಬೇಡ. ಕೊಲಂಬಿಯಾ ಮೊದಲು ಆ ಚೆಕ್ಕಿಗೆ ಸಹಿ ಹಾಕಲಿ, ಪಾಲುದಾರಿಕೆಯ ಪಾಠವನ್ನು ಆಮೇಲೆ ಹೇಳಿಕೊಡಲಿ.