ನಮ್ಮ ಬದುಕಿನ ಲೆಕ್ಕ ಬರೆಯುವವರು ಯಾರು?

ಗಿರಣಿ ಕಾರ್ಮಿಕರ ಕೇರಿಗೆ ಆಗಾಗ ಯಾರಾದರೊಬ್ಬರು ಫಾರಂ ಹಿಡಿದು ಬರುವುದುಂಟು. ಮನೆಯಲ್ಲಿ ಎಷ್ಟು ಜನ, ದುಡಿಯುವವರೆಷ್ಟು, ತಿಂಗಳಿಗೆ ಅಕ್ಕಿ ಎಷ್ಟು, ಎಣ್ಣೆ ಎಷ್ಟು, ಬಾಡಿಗೆ ಎಷ್ಟು, ಸಾಲ ಎಷ್ಟು ಎಂದು ಕೇಳುತ್ತಾರೆ. ಮನೆಯಾಕೆ ಒಲೆಯ ಮುಂದಿನಿಂದ ಎದ್ದು ಬಂದು ಉತ್ತರ ಹೇಳುತ್ತಾಳೆ. ಬಂದವರು ಬರೆದುಕೊಂಡು ಹೊರಟುಹೋಗುತ್ತಾರೆ. ಆ ಉತ್ತರ ಎಲ್ಲಿಗೆ ಹೋಯಿತು, ಅದರಿಂದ ಯಾವ ತೀರ್ಮಾನ ಹುಟ್ಟಿತು ಎಂಬುದನ್ನು ತಿರುಗಿ ಬಂದು ಹೇಳಿದವರನ್ನು ನಾವು ಕಂಡಿಲ್ಲ.

ಹೀಗೆ ಜನರ ಬದುಕನ್ನು ಕೇಳಿ, ನೋಡಿ, ಎಣಿಸಿ, ಬರೆದಿಡುವ ಶಾಸ್ತ್ರಗಳಿಗೆ ಸಮಾಜ ವಿಜ್ಞಾನಗಳೆಂದು ಹೆಸರು. ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಮಾನವಶಾಸ್ತ್ರ, ಇತಿಹಾಸ ಎಲ್ಲವೂ ಅದರೊಳಗೆ ಬರುತ್ತವೆ. "ಅದು ಪ್ರೊಫೆಸರುಗಳ ಕಸುಬು, ಕೂಲಿಕಾರನಿಗೂ ಕಿರಾಣಿ ಅಂಗಡಿಯವನಿಗೂ ಅದರಿಂದೇನು?" ಎಂದು ನಮ್ಮ ಸಂಗಾತಿಗಳಲ್ಲೇ ಕೆಲವರು ಹೇಳುತ್ತಾರೆ. ಈ ಮಾತನ್ನು ನಾವು ಒಪ್ಪುವುದಿಲ್ಲ. ನಮ್ಮ ಸಂಬಳದ ಚೀಟಿಯಲ್ಲಿ ತುಟ್ಟಿಭತ್ಯೆ ಎಂದು ಬರೆದಿರುವ ಅಂಕೆ ಹುಟ್ಟುವುದೇ ಇಂಥ ಸಂಶೋಧನೆಯಿಂದ. ಆದ್ದರಿಂದ ಈ ಶಾಸ್ತ್ರಗಳು ಕೆಲಸಮಾಡುವ ಬಗೆಯನ್ನು ತಿಳಿಯುವುದು ನಮ್ಮ ಹೊಟ್ಟೆಯ ಪ್ರಶ್ನೆ.

ತುಟ್ಟಿಭತ್ಯೆಯಿಂದಲೇ ಆರಂಭಿಸೋಣ. ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕವನ್ನು ಕೇಂದ್ರ ಸರ್ಕಾರದ ಲೇಬರ್ ಬ್ಯೂರೋ ತಯಾರಿಸುತ್ತದೆ. ಮೊದಲು ಕಾರ್ಮಿಕರ ಮನೆಗಳಲ್ಲಿ ಖರ್ಚಿನ ಸಮೀಕ್ಷೆ ಮಾಡಿ, ನೂರು ರೂಪಾಯಿ ವೆಚ್ಚದಲ್ಲಿ ಆಹಾರಕ್ಕೆ ಎಷ್ಟು, ಬಟ್ಟೆಗೆ ಎಷ್ಟು, ಬಾಡಿಗೆಗೆ ಎಷ್ಟು ಎಂದು ಗೊತ್ತುಮಾಡುತ್ತಾರೆ. ಇದಕ್ಕೆ ತೂಕವೆಂದು ಹೆಸರು. ಆಮೇಲೆ ಆಯ್ದ ಊರುಗಳ ಆಯ್ದ ಅಂಗಡಿಗಳಲ್ಲಿ ಬೆಲೆ ವಿಚಾರಿಸಿ ಬರೆದುಕೊಳ್ಳುತ್ತಾರೆ. ನಮ್ಮ ರಾಜ್ಯದಲ್ಲಿ ಬೆಂಗಳೂರು, ಮೈಸೂರು, ಬೆಳಗಾವಿ, ಹುಬ್ಬಳ್ಳಿ-ಧಾರವಾಡ ಇಂಥ ಕೇಂದ್ರಗಳು. ಅಂದಮೇಲೆ ಅಂಗಡಿಯವನು ಹೇಳುವ ಬೆಲೆಗೂ ಕಾರ್ಮಿಕನ ಕೈಗೆ ಬರುವ ಭತ್ಯೆಗೂ ನೇರ ಸಂಬಂಧವಿದೆ.

ಈ ಸೂಚ್ಯಂಕಕ್ಕೆ ೧೯೬೦, ೧೯೮೨, ೨೦೦೧, ೨೦೧೬ ಹೀಗೆ ಆಧಾರ ವರ್ಷಗಳು ಬದಲಾಗಿವೆ. ಒಂದು ಆಧಾರದಿಂದ ಇನ್ನೊಂದಕ್ಕೆ ಇಪ್ಪತ್ತು ವರ್ಷ ಹಿಡಿದದ್ದೂ ಉಂಟು. ೨೦೧೬ರ ಆಧಾರದ ಸೂಚ್ಯಂಕ ೨೦೨೦ರಲ್ಲಿ ಜಾರಿಗೆ ಬಂದಾಗ ಆಹಾರದ ತೂಕ ನೂರಕ್ಕೆ ಸುಮಾರು ೪೬ರಿಂದ ಸುಮಾರು ೩೯ಕ್ಕೆ ಇಳಿಯಿತು. ಕಾರ್ಮಿಕರು ಈಗ ಬಾಡಿಗೆಗೂ ಓದಿಗೂ ಔಷಧಕ್ಕೂ ಹೆಚ್ಚು ಖರ್ಚುಮಾಡುತ್ತಾರೆ, ಆದ್ದರಿಂದ ಆಹಾರದ ಪಾಲು ಇಳಿದಿದೆ ಎಂಬುದು ಅಧಿಕಾರಿಗಳ ವಾದ. ಸರಾಸರಿಯ ಲೆಕ್ಕದಲ್ಲಿ ಅದು ಸುಳ್ಳಲ್ಲ. ಆದರೆ ನೂರಕ್ಕೆ ಅರವತ್ತು ರೂಪಾಯಿಯನ್ನು ಹೊಟ್ಟೆಗೇ ಹಾಕಬೇಕಾದ ಗುತ್ತಿಗೆ ಕೂಲಿಯವನ ಮನೆಯನ್ನು ನೆನೆಯಿರಿ. ಆಹಾರದ ಬೆಲೆ ಮಾತ್ರ ನೂರಕ್ಕೆ ಹತ್ತು ಏರಿತೆನ್ನಿ. ಸೂಚ್ಯಂಕ ಏರುವುದು ನೂರಕ್ಕೆ ನಾಲ್ಕಕ್ಕಿಂತ ತುಸು ಕಡಿಮೆ. ಅವನ ಮನೆಯ ಖರ್ಚು ಏರುವುದು ನೂರಕ್ಕೆ ಆರು. ನಡುವಿನ ಎರಡು ರೂಪಾಯಿಯನ್ನು ಅವನು ಎಲ್ಲಿಂದ ತರುತ್ತಾನೆ? ಅಂಗಡಿಯ ಉದ್ರಿ ಪುಸ್ತಕದಿಂದ ತರುತ್ತಾನೆ. ಸೂಚ್ಯಂಕ ಬಿಟ್ಟದ್ದನ್ನು ಸಣ್ಣ ವರ್ತಕ ಹೊರುತ್ತಾನೆ. ಇಲ್ಲಿ ಯಾರೂ ಮೋಸ ಮಾಡಿಲ್ಲ. ಎಲ್ಲರ ಖರ್ಚನ್ನೂ ಕೂಡಿಸಿ ಭಾಗಿಸಿದಾಗ ಬಡವನ ಮನೆ ಕಣ್ಣಿಗೆ ಬೀಳದೆ ಹೋಯಿತು, ಅಷ್ಟೆ.

ಸರಾಸರಿಯ ಈ ಗುಣವನ್ನು ಇಡೀ ದೇಶಕ್ಕೆ ತೋರಿಸಿಕೊಟ್ಟ ಘಟನೆ ೧೯೬೩ರಲ್ಲಿ ಲೋಕಸಭೆಯಲ್ಲಿ ನಡೆಯಿತು. ಆ ವರ್ಷವೇ ಉಪಚುನಾವಣೆಯಲ್ಲಿ ಗೆದ್ದು ಬಂದಿದ್ದ ಡಾ. ರಾಮಮನೋಹರ ಲೋಹಿಯಾ ಅವರು, ದೇಶದ ಇಪ್ಪತ್ತೇಳು ಕೋಟಿ ಜನ ದಿನಕ್ಕೆ ಮೂರು ಆಣೆಯಲ್ಲಿ ಬದುಕುತ್ತಿದ್ದಾರೆ ಎಂದರು. ಮೂರಲ್ಲ, ಹದಿನೈದು ಆಣೆ ಎಂಬ ಉತ್ತರ ಸರ್ಕಾರದ ಕಡೆಯಿಂದ ಬಂತು. ಒಂದೇ ದೇಶ, ಒಂದೇ ವರ್ಷ. ಅಂಕೆಗಳ ನಡುವೆ ಐದು ಪಟ್ಟು ಅಂತರ. ಹದಿನೈದು ಆಣೆ ದೇಶದ ಒಟ್ಟು ವರಮಾನವನ್ನು ಎಲ್ಲ ತಲೆಗಳಿಗೂ ಹಂಚಿದ ಲೆಕ್ಕ. ಅದರಲ್ಲಿ ಮಹಾರಾಜನೂ ಸೇರಿದ್ದ, ಗಿರಣಿಯ ಮಾಲೀಕನೂ ಸೇರಿದ್ದ. ಮೂರಾಣೆ ಅವರನ್ನೆಲ್ಲ ಬಿಟ್ಟು ಕೆಳಗಿನವರನ್ನು ಮಾತ್ರ ಎಣಿಸಹೊರಟ ಲೆಕ್ಕ. ಲೋಹಿಯಾ ಅವರ ಅಂಕೆ ಎಷ್ಟು ಕರಾರುವಾಕ್ಕಾದುದು ಎಂಬುದು ಬೇರೆ ಚರ್ಚೆ. "ಸರಾಸರಿ ಎಷ್ಟು ಎಂದು ಹೇಳಬೇಡಿ, ಕೆಳಗಿನವನಿಗೆ ಎಷ್ಟು ಎಂದು ಹೇಳಿ" ಎಂಬ ಅವರ ಪ್ರಶ್ನೆಯ ಮುಂದೆ ಹದಿನೈದು ಆಣೆ ಉತ್ತರವೇ ಆಗಿರಲಿಲ್ಲ.

ಆ ಚರ್ಚೆಗೆ ಅಂಕೆಗಳಾದರೂ ಇದ್ದವಲ್ಲ, ಅವು ಎಲ್ಲಿಂದ ಬಂದವು? ೧೯೫೦ರಲ್ಲಿ ಪ್ರೊಫೆಸರ್ ಮಹಾಲನೋಬಿಸ್ ಅವರ ಮುಂದಾಳುತನದಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಆರಂಭವಾಗಿತ್ತು. ಮನೆಮನೆಗೂ ಹೋಗದೆ, ಆರಿಸಿದ ಕೆಲವು ಮನೆಗಳನ್ನು ಕೇಳಿ ದೇಶದ ಸ್ಥಿತಿ ತಿಳಿಯುವ ವಿಧಾನ ಇದು. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕು ಎಂಬುದು ನಮ್ಮ ತಾಯಂದಿರಿಗೆ ಗೊತ್ತಿರುವ ಶಾಸ್ತ್ರವೇ. ಆದರೆ ಸೌಟು ಹಾಕಿ ತಿರುವಿರಬೇಕು. ಬರೀ ಮೇಲಿನ ಅಗುಳು ನೋಡಿದವನಿಗೆ ತಳ ಸೀದದ್ದು ತಿಳಿಯುವುದಿಲ್ಲ.

ಇನ್ನು, ಎಣಿಕೆ ಎಷ್ಟೇ ಚೆನ್ನಾಗಿದ್ದರೂ ಅದು ಹೇಳಲಾರದ ಸಂಗತಿಗಳಿವೆ. ಗಿರಣಿ ಮುಚ್ಚಿದರೆ ಎಷ್ಟು ಜನ ಕೆಲಸ ಕಳೆದುಕೊಂಡರು ಎಂದು ಎಣಿಸಬಹುದು. ಆ ಜನ ಮರುದಿನ ಬೆಳಿಗ್ಗೆ ಎದ್ದು ಏನು ಮಾಡಿದರು? ಇದಕ್ಕೆ ಉತ್ತರ ಹುಡುಕಿದ ಒಂದು ಸಂಶೋಧನೆಯ ಕಥೆ ಪ್ರತಿಯೊಬ್ಬ ಗಿರಣಿ ಕಾರ್ಮಿಕನಿಗೂ ತಿಳಿದಿರಬೇಕು.

ಆಸ್ಟ್ರಿಯಾ ದೇಶದ ವಿಯೆನ್ನಾ ನಗರದ ಬಳಿ ಮಾರೀಂಟಾಲ್ ಎಂಬ ಹಳ್ಳಿ. ಊರಿಗೆಲ್ಲ ಒಂದೇ ಆಸರೆ, ಬಟ್ಟೆಯ ಗಿರಣಿ. ೧೯೨೯-೩೦ರ ಹೊತ್ತಿಗೆ ಅದು ಮುಚ್ಚಿತು. ಸುಮಾರು ೪೮೦ ಸಂಸಾರಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಮನೆಗಳಲ್ಲಿ ಒಬ್ಬರಿಗೂ ಕೆಲಸವಿರಲಿಲ್ಲ. ಮರೀ ಯಾಹೊಡಾ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಜೈಸೆಲ್ ಎಂಬ ಯುವ ಸಂಶೋಧಕರು ಸಂಗಡಿಗರೊಡನೆ ಅಲ್ಲಿಗೆ ಹೋದರು. ಮೊದಲು ಅವರು ಯೋಚಿಸಿದ್ದು ಕಾರ್ಮಿಕರು ಬಿಡುವಿನ ವೇಳೆ ಹೇಗೆ ಕಳೆಯುತ್ತಾರೆ ಎಂಬ ವಿಷಯ. ದೇಶದ ತುಂಬ ನಿರುದ್ಯೋಗ ತುಂಬಿರುವಾಗ ಬಿಡುವಿನ ವಿಚಾರವೇ ಎಂದು ಸಮಾಜವಾದಿ ನಾಯಕ ಒಟ್ಟೊ ಬೌವರ್ ಆಕ್ಷೇಪಿಸಿದ ಮೇಲೆ ವಿಷಯ ಬದಲಾಯಿತು. ಪ್ರಶ್ನೆ ಬದಲಾಗದಿದ್ದರೆ ಉತ್ತರವೂ ಸಿಕ್ಕುತ್ತಿರಲಿಲ್ಲ.

ಅವರು ಫಾರಂ ತುಂಬಿಸಿಕೊಂಡು ಹೊರಟುಹೋಗಲಿಲ್ಲ. ವಿಯೆನ್ನಾದಲ್ಲಿ ಬಟ್ಟೆಬರೆ ಕೂಡಿಸಿ ತಂದು ಹಂಚಿದರು, ವೈದ್ಯರ ತಪಾಸಣೆ ಏರ್ಪಡಿಸಿದರು, ಹೊಲಿಗೆಯ ಪಾಠ ನಡೆಸಿದರು. ಊರಿಗೆ ಉಪಯೋಗವಾಗದೆ ಊರಿನಿಂದ ವಿಷಯ ಪಡೆಯಬಾರದೆಂಬುದು ಅವರ ನೇಮ. ಜೊತೆಗೆ ಕಣ್ಣಿಟ್ಟು ನೋಡಿದರು. ಮುಖ್ಯ ಬೀದಿಯಲ್ಲಿ ಜನ ನಡೆಯುವ ವೇಗವನ್ನು ಗಡಿಯಾರ ಹಿಡಿದು ಅಳೆದರು. ಗಂಡಸರು ನಿಧಾನವಾಗಿ, ಎರಡು ಹೆಜ್ಜೆಗೊಮ್ಮೆ ನಿಂತು ನಡೆಯುತ್ತಿದ್ದರು. ಹೆಂಗಸರು ಬಿರಬಿರನೆ ನಡೆಯುತ್ತಿದ್ದರು. ಗಂಡಸಿನ ಕೆಲಸ ಹೋಗಿತ್ತು; ಹೆಂಗಸಿಗೆ ಹೋದದ್ದು ಕೂಲಿ ಮಾತ್ರ, ಅಡಿಗೆ, ಒಗೆತ, ಮಕ್ಕಳ ಕೆಲಸವೆಲ್ಲ ಹಾಗೆಯೇ ಉಳಿದಿತ್ತು.

ಕೆಲಸವಿಲ್ಲದವನಿಗೆ ಓದಲು ಬೇಕಾದಷ್ಟು ಹೊತ್ತು ಸಿಕ್ಕಿತಲ್ಲ ಎನ್ನಬಹುದು. ವಾಚನಾಲಯದ ಶುಲ್ಕವನ್ನು ತೆಗೆದುಹಾಕಿದರೂ ಪುಸ್ತಕ ಒಯ್ಯುವುದು ಎರಡು ವರ್ಷದಲ್ಲಿ ಅರ್ಧಕ್ಕರ್ಧ ಇಳಿಯಿತು. ಕಾರ್ಮಿಕರ ಪತ್ರಿಕೆಯ ಚಂದಾದಾರರು ಅದಕ್ಕಿಂತಲೂ ಹೆಚ್ಚಾಗಿ ಕಡಿಮೆಯಾದರು. ಕ್ರಿಸ್ಮಸ್ ಹಬ್ಬಕ್ಕೆ ಏನು ಬೇಕೆಂದು ಶಾಲೆಯ ಮಕ್ಕಳಿಂದ ಬರೆಸಿದರೆ, ಮಾರೀಂಟಾಲಿನ ಮಕ್ಕಳು ಕೇಳಿದ ವಸ್ತುಗಳ ಬೆಲೆ ಸುತ್ತಲ ಊರುಗಳ ಮಕ್ಕಳು ಕೇಳಿದ್ದರ ಮೂರನೆಯ ಒಂದು ಭಾಗದಷ್ಟಿತ್ತು. ಆಸೆಪಡುವುದನ್ನೂ ಮಕ್ಕಳು ಕಡಿಮೆ ಮಾಡಿಕೊಂಡಿದ್ದರು! ಹಸಿದವನು ತಾನಾಗಿ ಹೋರಾಟಕ್ಕೆ ಏಳುತ್ತಾನೆ ಎಂದು ನಂಬಿದ್ದ ನಮ್ಮಂಥವರಿಗೂ ಇದರಲ್ಲಿ ಪಾಠವಿದೆ. ದೀರ್ಘ ನಿರುದ್ಯೋಗ ಮನುಷ್ಯನನ್ನು ಕೆರಳಿಸುವುದಕ್ಕಿಂತ ಹೆಚ್ಚಾಗಿ ಕುಗ್ಗಿಸುತ್ತದೆ ಎಂದು ಈ ಗ್ರಂಥ ೧೯೩೩ರಲ್ಲಿ ತೋರಿಸಿತು. ನಮಗೆ ಒಗ್ಗದ ಸತ್ಯವನ್ನೂ ನಮ್ಮ ಮುಂದಿಡುವುದೇ ಒಳ್ಳೆಯ ಸಂಶೋಧನೆಯ ಲಕ್ಷಣ. ದಾವಣಗೆರೆಯಂಥ ನಮ್ಮ ಊರುಗಳಲ್ಲೂ ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಯಂತ್ರಕ್ಕೂ ನಿವೇಶನಕ್ಕೂ ಬೆಲೆ ಕಟ್ಟಿದವರುಂಟು. ಹೊರಬಿದ್ದವರ ನಡಿಗೆಗೆ ಗಡಿಯಾರ ಹಿಡಿದವರೆಷ್ಟು ಮಂದಿ?

ಊರಲ್ಲಿ ಇದ್ದು ನೋಡುವ ಈ ಮಾರ್ಗವನ್ನು ನಮ್ಮ ನಾಡಿನಲ್ಲಿ ತುಳಿದವರು ಮೈಸೂರಿನ ಡಾ. ಎಂ. ಎನ್. ಶ್ರೀನಿವಾಸ್. ೧೯೪೮ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ನೆಲಸಿ ಜಾತಿ, ಬೇಸಾಯ, ಜಗಳ, ರಾಜಿ ಎಲ್ಲವನ್ನೂ ಬರೆದುಕೊಂಡರು. ೧೯೭೦ರಲ್ಲಿ ಅಮೆರಿಕದಲ್ಲಿದ್ದಾಗ ಬೆಂಕಿಯಲ್ಲಿ ಆ ಟಿಪ್ಪಣಿಗಳು ಸುಟ್ಟುಹೋದವು. ಆಮೇಲೆ ನೆನಪಿನ ಬಲದಿಂದಲೇ ಬರೆದ ಗ್ರಂಥ ೧೯೭೬ರಲ್ಲಿ ಹೊರಬಂತು. ತಾವು ಬ್ರಾಹ್ಮಣರಾಗಿ, ಊರಿನ ಮುಖ್ಯಸ್ಥರ ಆಸರೆಯಲ್ಲಿ ಇದ್ದುದರಿಂದ ಹರಿಜನರ ಮತ್ತು ಮುಸಲ್ಮಾನರ ಬದುಕು ತಮಗೆ ಸಾಕಷ್ಟು ಕಾಣಲಿಲ್ಲವೆಂದು ಅವರೇ ಒಪ್ಪಿಕೊಂಡಿದ್ದಾರೆ. ಈ ಪ್ರಾಮಾಣಿಕತೆಗೆ ನಮ್ಮ ಗೌರವವಿದೆ. ಇದ್ದು ನೋಡುವವನು ಕೂಡ ಯಾರ ಜಗಲಿಯ ಮೇಲೆ ಕೂತು ನೋಡುತ್ತಾನೆ ಎಂಬುದನ್ನು ನಾವು ಕೇಳಬೇಕು.

ಮೂರನೆಯ ಮಾರ್ಗ ಇತಿಹಾಸದ್ದು. ಮುಂಬಯಿಯ ಗಿರಣಿ ಕಾರ್ಮಿಕರು ೧೯೨೮ರಲ್ಲಿ ಸುಮಾರು ಆರು ತಿಂಗಳು ಮುಷ್ಕರ ನಡೆಸಿದರು. ಸಂಬಳವಿಲ್ಲದೆ ಆರು ತಿಂಗಳು ಹೇಗೆ ಬದುಕಿದರು? ಗಿರಣಿಯ ದಫ್ತರ ಮಾತ್ರ ಓದುವವನಿಗೆ ಇದು ತಿಳಿಯದು. ರಾಜನಾರಾಯಣ್ ಚಂದಾವರ್ಕರ್ ಎಂಬ ಇತಿಹಾಸಕಾರರು ೧೯೯೪ರ ತಮ್ಮ ಗ್ರಂಥದಲ್ಲಿ ಗಿರಣಿಯ ಗೇಟಿನಿಂದ ಹೊರಗೆ ಬಂದು ಕೇರಿಯನ್ನು ನೋಡಿದರು. ಅಲ್ಲಿ ಚಾಳು, ಊರಿನ ಬಂಧುಗಳು, ಜಾಬರ್, ಸಾಲಗಾರ, ದಿನಸಿ ಅಂಗಡಿ ಎಲ್ಲವೂ ಕಾರ್ಮಿಕನ ಶಕ್ತಿಯ ಭಾಗವೆಂದು ಕಂಡುಬಂತು. ಅಂಗಡಿಯವನ ಉದ್ರಿ ನಿಂತರೆ ಮುಷ್ಕರ ನಿಲ್ಲುವುದು ಕಷ್ಟ. ಗಿರಣಿ ಕಾರ್ಮಿಕರ ಚರಿತ್ರೆಯೊಳಗೆ ಸಣ್ಣ ವರ್ತಕನೂ ಇದ್ದಾನೆ.

ಹೀಗೆ ಒಂದು ಮಾರ್ಗ ಎಷ್ಟು ಎಂದು ಹೇಳುತ್ತದೆ, ಇನ್ನೊಂದು ಹೇಗೆ ಎಂದು, ಮತ್ತೊಂದು ಎಂದಿನಿಂದ ಎಂದು. ಒಂದೊಂದೂ ಬೇಕು, ಯಾವ ಒಂದೂ ಸಾಲದು. ಇವುಗಳಲ್ಲಿ ಯಾವುದು ಶ್ರೇಷ್ಠವೆಂಬ ಪಂಡಿತರ ಜಗಳ ನಮಗೆ ಬೇಡ. ಪ್ರಶ್ನೆಯನ್ನು ಆರಿಸಿದವರು ಯಾರು, ಉತ್ತರ ಯಾರ ಕೈಸೇರಿತು ಎಂಬುದು ನಮಗೆ ಮುಖ್ಯ.

ಉತ್ತರವನ್ನು ಬಚ್ಚಿಟ್ಟ ಉದಾಹರಣೆಯೂ ನಮ್ಮ ಮುಂದಿದೆ. ಜನರ ಖರ್ಚುವೆಚ್ಚದ ಸಮೀಕ್ಷೆ ೨೦೧೧-೧೨ರ ನಂತರ ೨೦೧೭-೧೮ರಲ್ಲಿ ನಡೆಯಿತು. ಅದರ ಫಲಿತಾಂಶವನ್ನು ಪ್ರಕಟಿಸುವುದಿಲ್ಲವೆಂದು ಕೇಂದ್ರ ಸರ್ಕಾರ ೨೦೧೯ರ ನವೆಂಬರಿನಲ್ಲಿ ಸಾರಿತು. ಅಂಕೆಗಳ ಗುಣಮಟ್ಟ ಸರಿಯಿಲ್ಲ ಎಂಬುದು ಕೊಟ್ಟ ಕಾರಣ. ಸರಿಯಿಲ್ಲದಿದ್ದರೆ ಪ್ರಕಟಿಸಿ, ಎಲ್ಲಿ ಸರಿಯಿಲ್ಲ ಎಂದು ತೋರಿಸಬಹುದಿತ್ತು. ಅನೇಕ ಅರ್ಥಶಾಸ್ತ್ರಜ್ಞರು ಕೇಳಿದ್ದೂ ಅದನ್ನೇ. ಮುಂದಿನ ಸಮೀಕ್ಷೆಯ ಅಂಕೆಗಳು ಹೊರಬಂದದ್ದು ೨೦೨೪ರಲ್ಲಿ. ನಡುವೆ ನೋಟು ರದ್ದತಿ ಬಂತು, ಹೊಸ ತೆರಿಗೆ ಬಂತು, ಮಹಾಮಾರಿ ಬಂತು. ಆ ವರ್ಷಗಳಲ್ಲಿ ಬಡವನ ತಟ್ಟೆಯಿಂದ ಏನೇನು ಇಲ್ಲವಾಯಿತೆಂಬುದಕ್ಕೆ ಸರ್ಕಾರದ ಪುಸ್ತಕದಲ್ಲಿ ಖಾಲಿ ಹಾಳೆ ಉಳಿಯಿತು. ಉತ್ತರ ಕೊಟ್ಟವರು ಜನ. ಅದನ್ನು ತಡೆಹಿಡಿಯುವ ಹಕ್ಕು ಯಾರದು?

ಸರ್ಕಾರಕ್ಕೂ ವಿಶ್ವವಿದ್ಯಾನಿಲಯಗಳಿಗೂ ನಾವು ಹೇಳುವುದಿಷ್ಟೆ. ಜನರನ್ನು ಕೇಳಿ ಪಡೆದ ಫಲಿತಾಂಶವನ್ನು ಜನರಿಗೆ ಪ್ರಕಟಿಸಿ. ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಮಾತ್ರ ವರದಿ ಬರೆಯಬೇಡಿ. ಸಮೀಕ್ಷೆ ನಡೆದ ಕೇರಿಗೆ ತಿರುಗಿ ಬಂದು ವರದಿ ಓದಿ ಹೇಳಿ. ಸೂಚ್ಯಂಕದ ಜೊತೆಗೆ ಅತ್ಯಂತ ಕಡಿಮೆ ಕೂಲಿಯವನ ಖರ್ಚಿನ ಲೆಕ್ಕವನ್ನೂ ಬೇರೆಯಾಗಿ ಕೊಡಿ.

ನಮ್ಮ ಕಡೆಯ ತಪ್ಪನ್ನೂ ಹೇಳದಿದ್ದರೆ ನ್ಯಾಯವಾಗದು. ರೇಷನ್ ಕಾರ್ಡು ಹೋದೀತೆಂದು ಕೂಲಿಯವನು ವರಮಾನವನ್ನು ಕಡಿಮೆ ಹೇಳುತ್ತಾನೆ. ತೆರಿಗೆಯವರೆಂದು ಹೆದರಿ ಅಂಗಡಿಯವನು ವ್ಯಾಪಾರವನ್ನು ಕಡಿಮೆ ಹೇಳುತ್ತಾನೆ. ಹೆಂಡದ ಖರ್ಚನ್ನು ಯಾರೂ ಹೇಳುವುದಿಲ್ಲ. ಆಮೇಲೆ ಲೆಕ್ಕ ತಪ್ಪೆಂದು ನಾವೇ ಕೂಗುತ್ತೇವೆ. ಹೆದರಿಕೆಗೆ ಕಾರಣವಿದೆ, ನಿಜ. ಆದರೆ ಸುಳ್ಳು ಲೆಕ್ಕದಿಂದ ನಿಜವಾದ ಭತ್ಯೆ ಹುಟ್ಟುವುದಿಲ್ಲ.

ಆದ್ದರಿಂದ ನಮ್ಮ ಕಾರ್ಮಿಕ ಸಂಘಗಳು ಒಂದು ಕೆಲಸ ಕೈಗೊಳ್ಳಲಿ. ಪ್ರತಿ ಕೇರಿಯಲ್ಲೂ ಹತ್ತು ಮನೆಗಳು ಒಂದು ವರ್ಷದ ಕಾಲ ದಿನದಿನದ ಖರ್ಚನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಖಾಯಂ ಕೆಲಸದವರ ಮನೆ ಮಾತ್ರ ಸಾಲದು. ಬದಲಿಯವರು, ಗುತ್ತಿಗೆಯವರು, ಒಂಟಿ ಹೆಂಗಸಿನ ಮನೆ ಎಲ್ಲವೂ ಅದರಲ್ಲಿರಲಿ. ಹೆಂಗಸರ ಕೈಯಲ್ಲೇ ಪುಸ್ತಕವಿರಲಿ, ಖರ್ಚು ಗೊತ್ತಿರುವುದು ಅವರಿಗೆ. ಪರಿಚಯದ ಅಂಗಡಿಯವರು ತಿಂಗಳ ಮೊದಲ ದಿನದ ಬೆಲೆಪಟ್ಟಿ ಕೊಡಲಿ. ತುಟ್ಟಿಭತ್ಯೆಯ ಮಾತುಕತೆಗೆ ಕೂರುವ ದಿನ ಮಾಲೀಕರ ಮೇಜಿನ ಮೇಲೆ ಸರ್ಕಾರದ ಸೂಚ್ಯಂಕ ಒಂದು ಕಡೆ ಇರಲಿ, ನಮ್ಮ ಹೆಂಗಸರು ಬರೆದ ಲೆಕ್ಕ ಇನ್ನೊಂದು ಕಡೆ ಇರಲಿ. ಎರಡಕ್ಕೂ ವ್ಯತ್ಯಾಸ ಬಂದರೆ ಏಕೆ ಬಂತೆಂದು ಅವರು ಉತ್ತರ ಹೇಳಲಿ.